ಹೀರೆ ಬೀಜ ಇಡುವವರು ಬೇಲಿ ಕಡೆಗೂ ಒಮ್ಮೆ ನೋಡಿ

ಶಿರಸಿ ಕಡೆಯ ಒಂದು ಕೇರಿಯಲ್ಲಿ ಈ ಮಳೆಗಾಲ ನಾಲ್ಕೈದು ಮನೆಗಳ ಹೀರೆ ಚಪ್ಪರ ಪೂರ್ತಿ ಕಹಿ. ಬೀಜ ಹೋಗಿದ್ದು ಒಂದೇ ಮನೆಯಿಂದ. ಕಾಯಿ ನೋಡಲಿಕ್ಕೆ ಲಕ್ಷಣವಾಗಿಯೇ ಇತ್ತು. ತುಸು ಗಿಡ್ಡ, ಏಣು ಸ್ವಲ್ಪ ತಗ್ಗು, ಅಷ್ಟೇ. ಹುಳಿ ಬಾಯಿಗಿಟ್ಟ ಮೇಲೆಯೇ ಗೊತ್ತಾದದ್ದು. ಬೀಜ ಕೊಟ್ಟವರ ಮನೆಯಲ್ಲಿ ಹಿಂದಿನ ವರ್ಷ ಒಂದು ಕಾಯಿಯೂ ಕಹಿ ಇರಲಿಲ್ಲವಂತೆ. ಅದು ಸುಳ್ಳಲ್ಲ.

ಕಾಯಿಯ ತಿರುಳು, ಸಿಪ್ಪೆ ಎಲ್ಲ ತಾಯಿಬಳ್ಳಿಯದು. ಹೊರಗಿನ ಪರಾಗ ಬಂದು ಬಿದ್ದರೆ ಆ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಬದಲಾಗುವುದು ಒಳಗಿನ ಬೀಜ. ಅದು ಬಾಯಿಗೆ ಗೊತ್ತಾಗುವುದು ಮುಂದಿನ ವರ್ಷ. ಇಲ್ಲಿ ಪರಾಗ ಬಂದದ್ದು ಬೇಲಿಗೆ ಹಬ್ಬಿದ್ದ ಕಹಿ ಹೀರೆಯಿಂದ. ಅದೂ ಊಟದ ಹೀರೆಯೂ ಒಂದೇ ಜಾತಿ, ಹೂವು ಅರಳುವುದೂ ಒಂದೇ ಹೊತ್ತಿಗೆ, ಸಂಜೆ.

ಪಕ್ಕದಲ್ಲಿ ಹಾಗಲ ಹಾಕಿದ್ದಕ್ಕೇ ಕಹಿಯಾಯಿತು ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಹಾಗಲಕ್ಕೂ ಹೀರೆಗೂ ಕೂಡುವುದೇ ಇಲ್ಲ, ಪಾಪ, ಅದರದ್ದೇನೂ ತಪ್ಪಿಲ್ಲ. ಮೊಗೆಕಾಯಿ (ಮಂಗಳೂರು ಸೌತೆ) ಮತ್ತು ಹಸಿ ತಿನ್ನುವ ಸೌತೆಯೂ ಹಾಗೆಯೇ, ಬೇರೆ ಬೇರೆ ಜಾತಿ. ಆದರೆ ಮೊಗೆ, ಇಬ್ಬುಡ್ಲ ಹಣ್ಣು, ಖರ್ಬೂಜ ಮೂರೂ ಒಂದೇ ಜಾತಿ. ಒಂದೇ ಗದ್ದೆಯಲ್ಲಿ ಹಾಕಿ ಬೀಜ ಇಟ್ಟರೆ ಕೆಡುತ್ತದೆ. ತುಪ್ಪದ ಹೀರೆಯೂ ಏಣಿನ ಹೀರೆಯೂ ಕೂಡುತ್ತವೆ.

ಕಹಿ ಕಾಯಿಯನ್ನು ಬೇಯಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಕಹಿಯ ಅಂಶ ಕುದಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಹಿಡಿಸುತ್ತದೆ. ಸೋರೆಯಲ್ಲಂತೂ ಇನ್ನೂ ಅಪಾಯ.

ಬೀಜಕ್ಕೆ ಬಿಡುವ ಕಾಯಿಗೆ ಕೈಯಿಂದಲೇ ಪರಾಗ ಮುಟ್ಟಿಸಿ. ಮಧ್ಯಾಹ್ನ ಮೂರರ ಹೊತ್ತಿಗೆ ಚಪ್ಪರ ನೋಡಿದರೆ ಅಂದು ಸಂಜೆ ಅರಳುವ ಮೊಗ್ಗು ಗುರುತು ಸಿಗುತ್ತದೆ: ಉಬ್ಬಿ, ತುದಿಯಲ್ಲಿ ಹಳದಿ ಇಣುಕುತ್ತಿರುತ್ತದೆ. ಹಿಂದೆ ಸಣ್ಣ ಮಿಡಿ ಇದ್ದರೆ ಹೆಣ್ಣು. ಅದಕ್ಕೆ ತೆಳು ಹತ್ತಿಬಟ್ಟೆಯ ಚೀಲ ಕಟ್ಟಿ. ಅದೇ ತಳಿಯ ಬೇರೆ ಬಳ್ಳಿಯ ಎರಡು ಮೂರು ಗಂಡು ಮೊಗ್ಗಿಗೂ ಕಟ್ಟಿ. ಇದನ್ನು ಮರೆಯುವವರೇ ಜಾಸ್ತಿ, ಚೀಲ ಕಟ್ಟದ ಗಂಡು ಹೂವಿಗೆ ಅಷ್ಟರಲ್ಲಿ ಜೇನು ಬೇರೆ ಕಡೆಯ ಪರಾಗ ತಂದು ಸವರಿರುತ್ತದೆ. ಹೂವು ಅರಳಿದ ಮೇಲೆ ಗಂಡು ಹೂವು ಕಿತ್ತು, ಎಸಳು ತೆಗೆದು, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಶಲಾಕೆಯ ಮೂರೂ ಹೋಳಿಗೆ ಮೆತ್ತಗೆ ಸವರಿ. ಕೂಡಲೇ ಚೀಲ ಮತ್ತೆ ಕಟ್ಟಿ ಎರಡು ದಿನ ಬಿಡಿ. ತೊಟ್ಟಿಗೆ ಬಣ್ಣದ ದಾರ ಬೇಕೇ ಬೇಕು, ಇಲ್ಲದಿದ್ದರೆ ಯಾರಾದರೂ ಕೊಯ್ದು ಪಲ್ಯ ಮಾಡುತ್ತಾರೆ.

ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಹೂವು ಕೊಳೆಯುತ್ತದೆ. ನಮ್ಮ ಜುಲೈ ಮಳೆಗೆ ಯಾವ ಚೀಲವೂ ತಡೆಯುವುದಿಲ್ಲ, ಒದ್ದೆಯಾದ ಪರಾಗ ಪ್ರಯೋಜನಕ್ಕೆ ಬಾರದು, ಬಲಿತ ಕಾಯಿಯೂ ಕೊಳೆಯುತ್ತದೆ. ಬೀಜಕ್ಕೆಂದೇ ಭತ್ತ ಕೊಯ್ದ ಮೇಲಿನ ಬೆಳೆ ಇಟ್ಟುಕೊಳ್ಳಿ. ಅಂಕೋಲಾ, ಕುಮಟಾ ಕಡೆ ಗದ್ದೆಯಲ್ಲೇ ತರಕಾರಿ ಹಾಕುವವರಿಗೆ ಇದು ಇನ್ನೂ ಸುಲಭ. ಕಾಯಿ ಬಳ್ಳಿಯಲ್ಲೇ ಕಂದಾಗಿ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನಬೇಕು.

ಬೆಂಡೆಗೆ ಇಷ್ಟು ಕಷ್ಟವಿಲ್ಲ. ಮರುದಿನ ಅರಳುವ ಮೊಗ್ಗಿನ ತುದಿಗೆ ಸಂಜೆಯೇ ದಾರ ಸುತ್ತಿದರೆ ಸಾಕು, ತನ್ನ ಪರಾಗದಲ್ಲೇ ಕಾಯಿ ಕಚ್ಚುತ್ತದೆ. ಅಲಸಂದೆ ಹೆಚ್ಚಾಗಿ ತನ್ನಲ್ಲೇ ಕೂಡುವಂಥದ್ದು.

ಈಗಾಗಲೇ ಅನುಮಾನದ ಬೀಜ ಹಾಕಿದ್ದರೆ ಪ್ರತಿ ಬಳ್ಳಿಯ ಮೊದಲ ಕಾಯಿಯ ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ. ಕಹಿ ಇದ್ದರೆ ಬಳ್ಳಿ ಬುಡಸಮೇತ ಕಿತ್ತುಹಾಕಿ. ಆದರೆ ಗಂಡು ಹೂವು ಮೊದಲೇ ಬರುವುದರಿಂದ ಅದರ ಪರಾಗ ಆಗಲೇ ಚಪ್ಪರ ತುಂಬ ಓಡಾಡಿರುತ್ತದೆ. ಹಾಗಾಗಿ ಅಷ್ಟರಲ್ಲಿ ಕಚ್ಚಿದ ಯಾವ ಕಾಯಿಯನ್ನೂ ಬೀಜಕ್ಕೆ ಬಿಡಬೇಡಿ. ಉಳಿದ ಸಿಹಿ ಬಳ್ಳಿಗಳ ಹೊಸ ಹೂವಿಗೆ ಚೀಲ ಕಟ್ಟಿ ಶುರು ಮಾಡಿ.