ಮಿಡಿ ಹಾಕಿಸಿದ ಹಳೆಯ ಅಕಾರ್ಡಿಯನ್‌ಗೆ ಎಷ್ಟು ಕೊಡಬಹುದು? ಮೂರು ವಾದ್ಯಗಳನ್ನು ನುಡಿಸಿ ನೋಡಿದ ಮೇಲೆ

ಹಳೆಯ ಅಕಾರ್ಡಿಯನ್ ಮಾರುವವರ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ವಾದ್ಯಕ್ಕೆ ಇಷ್ಟು ಕೊಟ್ಟಿದ್ದೆ, ಆಮೇಲೆ ಮಿಡಿ (ಕೀ ಒತ್ತಿದ ಸುದ್ದಿಯನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೋ ಕಂಪ್ಯೂಟರಿಗೋ ಸಾಗಿಸುವ ಜೋಡಣೆ) ಹಾಕಿಸಲು ಇಷ್ಟು ಖರ್ಚು ಮಾಡಿದೆ, ಎರಡೂ ಸೇರಿ ಇಷ್ಟಾಯಿತು, ನಿಮಗೆ ಸಾವಿರ ಯೂರೋ ಬಿಟ್ಟು ಕೊಡುತ್ತೇನೆ. ಕೇಳಲು ನ್ಯಾಯವಾಗಿಯೇ ಕಾಣುವ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಳಗಿನ ಎಲೆಕ್ಟ್ರಾನಿಕ್ಸ್ ಪೂರ್ತಿ ಕೆಟ್ಟಿದೆ ಎಂದುಕೊಂಡು ಮೊದಲು ಬರಿಯ ವಾದ್ಯಕ್ಕೆ ಬೆಲೆ ಕಟ್ಟಬೇಕು. ಎಲೆಕ್ಟ್ರಾನಿಕ್ಸ್ ಇಂದು ನಮ್ಮೆದುರು ಎಷ್ಟು ಕೆಲಸ ಮಾಡುತ್ತದೋ ಅಷ್ಟಕ್ಕೆ ಮಾತ್ರ ಸ್ವಲ್ಪ ಸೇರಿಸಬೇಕು. ಅದನ್ನು ಕೂರಿಸಲು ಮರವನ್ನು ಕೊರೆದಿದ್ದರೆ ಆ ಗಾಯಕ್ಕೆ ಕಳೆಯಬೇಕು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಟ್ರಾಸಿಂಗೆನ್ ಎಂಬ ಪುಟ್ಟ ಊರಿದೆ; ಮಥಿಯಾಸ್ ಹೋನರ್ 1857ರಲ್ಲಿ ಬಾಯಿ ಹಾರ್ಮೋನಿಕಾ ಮಾಡಲು ತೊಡಗಿದ್ದು ಅಲ್ಲಿಯೇ. ಆ ಕಂಪನಿಯ ಅಕಾರ್ಡಿಯನ್‌ಗಳು ಈ ಸೀಮೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಕುಳಿತಿವೆ. ಅಜ್ಜ ನುಡಿಸುತ್ತಿದ್ದರು, ಮೊಮ್ಮಕ್ಕಳಿಗೆ ಬೇಡ. ಹೀಗಾಗಿ ಎಲೆಕ್ಟ್ರಾನಿಕ್ಸ್ ಇಲ್ಲದ ಸಾದಾ ವಾದ್ಯ ಇಲ್ಲಿ ಅಗ್ಗ. ನನಗೆ ಬೇಕಾಗಿದ್ದದ್ದು ಎರಡು ಕೆಲಸಕ್ಕೆ: ಇಲ್ಲಿನ ಕನ್ನಡಿಗರ ಕಾರ್ಯಕ್ರಮಗಳಲ್ಲಿ ಭಾವಗೀತೆಗಳಿಗೆ ಸಾಥ್ ಕೊಡುವುದು ಮತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುವುದು. ರಾತ್ರಿ ಹತ್ತರ ಮೇಲೆ ಸದ್ದು ಮಾಡಿದರೆ ಇಲ್ಲಿನ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ. ಎಲೆಕ್ಟ್ರಾನಿಕ್ಸ್‌ನ ಆಸೆ ಹುಟ್ಟಿದ್ದು ಅದರಿಂದ.

ಕೊನೆಗೆ ಕಣದಲ್ಲಿ ಉಳಿದದ್ದು ಮೂರು. ಒಂದು, ಒಳಗೆ ಮೈಕ್ ಅಳವಡಿಸಿದ ಹಳೆಯ ಜರ್ಮನ್ ವಾದ್ಯ, 450 ಯೂರೋ. ಎರಡು, ಮಿಡಿ ಜೋಡಿಸಿದ ಇಟಲಿಯ ವಾದ್ಯ, 2,600 ಯೂರೋ. ಮೂರು, ರೀಡೇ (ಗಾಳಿಗೆ ಅದುರಿ ದನಿ ಕೊಡುವ ಲೋಹದ ನಾಲಿಗೆ) ಇಲ್ಲದ ಡಿಜಿಟಲ್ ಅಕಾರ್ಡಿಯನ್, ರೋಲ್ಯಾಂಡ್ ಕಂಪನಿಯ ಎಫ್‌ಆರ್-3ಎಕ್ಸ್, 1,900 ಯೂರೋ.

ಜರ್ಮನ್ ವಾದ್ಯದ ಮಾತನ್ನು ಬೇಗ ಮುಗಿಸಬಹುದು. ಬಲಗೈಗೆ 41 ಕೀ, ಎಡಗೈಗೆ 120 ಬೇಸ್ ಗುಂಡಿ, ಬಲಗೈಗೆ ಮೂರು ಸಾಲು ರೀಡು. ಜಾಲರಿಯ ಒಳಬದಿಯಲ್ಲಿ ಸಾಲಾಗಿ ಪುಟ್ಟ ಮೈಕುಗಳು, ಬೇಸ್ ಕಡೆಗೆ ಇನ್ನೊಂದು, ಒಂಬತ್ತು ವೋಲ್ಟಿನ ಬ್ಯಾಟರಿ. ಎಲ್ಲವೂ ಜಾಲರಿಗೆ ಬಿಗಿದ ಒಂದು ಪಟ್ಟಿಯ ಮೇಲಿದ್ದವು. ನಾಲ್ಕು ತಿರುಪು ಬಿಚ್ಚಿದರೆ ವಾದ್ಯ ಮೊದಲಿನಂತೆ ಸಾದಾ ಆಗುತ್ತದೆ. ಎಲೆಕ್ಟ್ರಾನಿಕ್ಸ್ ಜೋಡಿಸಬೇಕಾದದ್ದೇ ಹೀಗೆ. ಮೈಕಿನಿಂದ ವಾದ್ಯದ ದನಿ ದೊಡ್ಡದಾಗುತ್ತದೆಯೇ ಹೊರತು ಬೇರೆ ದನಿ ಬರುವುದಿಲ್ಲ, ಹೆಡ್‌ಫೋನ್ ಅಭ್ಯಾಸವೂ ಸಾಧ್ಯವಿಲ್ಲ. ವಾದ್ಯಕ್ಕೆ 350, ಮೈಕಿಗೆ 80 ಎಂದು ನಾನು ಅಂದಾಜಿಸಿದೆ; ಅವರು ಕೇಳಿದ ಬೆಲೆ ಹೆಚ್ಚೂಕಡಿಮೆ ಸರಿಯಾಗಿಯೇ ಇತ್ತು. ವೇದಿಕೆಯ ಮೇಲೆ ಮಾತ್ರ ನುಡಿಸುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು.

ನಿಜವಾದ ತಲೆನೋವು ಇಟಲಿಯ ವಾದ್ಯ. ಬಲಗೈಗೆ ನಾಲ್ಕು ಸಾಲು ರೀಡು. ಪ್ರತಿ ಸ್ವರಕ್ಕೂ ತಿದಿ ಎಳೆಯುವಾಗ ಒಂದು, ಒತ್ತುವಾಗ ಒಂದು ರೀಡು ಬೇಕು. ಎಂದರೆ 41 ಕೀಗೆ 328 ರೀಡು. ಬೇಸ್ ಕಡೆ ಹನ್ನೆರಡು ಸ್ವರಕ್ಕೆ ಐದು ಸಾಲಾದರೆ ಇನ್ನೂ 120. ಇವೆಲ್ಲ ಉಕ್ಕಿನ ನಾಲಿಗೆಗಳು, ಲೋಹದ ಪುಟ್ಟ ತಗಡುಗಳ ಮೇಲೆ ಕೂತಿರುತ್ತವೆ. ಆ ತಗಡುಗಳನ್ನು ಜೇನುಮೇಣಕ್ಕೆ ರಾಳ ಬೆರೆಸಿ ಮರದ ಕಟ್ಟಿನ ಮೇಲೆ ಅಂಟಿಸಿರುತ್ತಾರೆ. ವಾದ್ಯದ ಬೆಲೆ ನಿಂತಿರುವುದು ಈ ನಾಲ್ಕುನೂರ ನಲವತ್ತೆಂಟು ನಾಲಿಗೆಗಳ ಮೇಲೆ. ಹೊರಗಿನ ಹೊಳಪಿಗೆ, ಮಿನುಗುವ ಕಲ್ಲಿಗೆ, ಮಿಡಿಯ ಚಿಕ್ಕ ಪರದೆಗೆ ಆಮೇಲೆ ಬರೋಣ.

ಮೊದಲು ತಿದಿಯ ಪರೀಕ್ಷೆ. ಯಾವ ಕೀಯನ್ನೂ ಒತ್ತದೆ ವಾದ್ಯವನ್ನು ಎತ್ತಿ ಹಿಡಿದು, ಬೇಸ್ ಭಾಗ ತನ್ನ ಭಾರಕ್ಕೆ ತಾನೇ ಕೆಳಗಿಳಿಯಲು ಬಿಟ್ಟೆ. ಚೆನ್ನಾಗಿರುವ ವಾದ್ಯದಲ್ಲಿ ಅದು ನಿಧಾನವಾಗಿ ಇಳಿಯಬೇಕು; ಸರ್ರನೆ ಜಾರಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಇದರದ್ದು ನಿಧಾನವಾಗಿಯೇ ಇಳಿಯಿತು. ಆಮೇಲೆ ಒಂದೊಂದೇ ಸಾಲಿನ ರೀಡನ್ನು ಆರಿಸಿಕೊಂಡು ಪ್ರತಿ ಕೀಯನ್ನೂ ಎಳೆದು ಒಮ್ಮೆ, ಒತ್ತಿ ಒಮ್ಮೆ ಮೆಲ್ಲಗೆ ನುಡಿಸಿದೆ. ಮಂದ್ರದಲ್ಲಿ ಕೆಲವು ಸ್ವರಗಳು ತಡವಾಗಿ ಮಾತಾಡುತ್ತಿದ್ದವು, ಎರಡು ರೀಡು ಶ್ರುತಿ ಬಿಟ್ಟಿದ್ದವು. ತಡವಾಗುವುದು ಸಾಮಾನ್ಯವಾಗಿ ರೀಡಿನ ಮೇಲಿನ ತೊಗಲಿನ ಪಟ್ಟಿ ಸುರುಳಿಕೊಂಡಾಗ. ಮಾರುವವರನ್ನು ಕೇಳಿ ಜಾಲರಿ ಬಿಚ್ಚಿಸಿದೆ, ತಿದಿಯ ಅಂಚಿನ ಮೊಳೆಗಳನ್ನು ತೆಗೆಸಿ ಒಳಗೂ ನೋಡಿದೆ. ಮುಗ್ಗಲು ವಾಸನೆ ಇರಲಿಲ್ಲ, ರೀಡಿಗೆ ತುಕ್ಕು ಹಿಡಿದಿರಲಿಲ್ಲ, ಉಗುರಿನಿಂದ ಒತ್ತಿದರೆ ಮೇಣ ಪುಡಿಯಾಗಲಿಲ್ಲ. ಒಳಗೆ ನೋಡಲು ಬಿಡದ ಮಾರಾಟಗಾರರಿಂದ ಏನನ್ನೂ ಕೊಳ್ಳಬಾರದು; ಈ ಹಿರಿಯರು ಸಂತೋಷದಿಂದಲೇ ತೋರಿಸಿದರು.

ಈ ಜಾತಿಯ, ಈ ವಯಸ್ಸಿನ ಸಾದಾ ವಾದ್ಯ ಒಳ್ಳೆಯ ಸ್ಥಿತಿಯಲ್ಲಿದ್ದರೆ ಜಾಹೀರಾತುಗಳಲ್ಲಿ 1,800 ಯೂರೋ ಸುಮಾರಿಗೆ ಸಿಗುತ್ತಿತ್ತು. ತೊಗಲಿನ ಪಟ್ಟಿ ಬದಲಿಸಿ ಶ್ರುತಿ ಸರಿಪಡಿಸಲು ರಿಪೇರಿಯವರು ಹೇಳಿದ್ದು 500. ಉಳಿದದ್ದು 1,300. ಇದು ತಳಪಾಯ.

ಈಗ ಮಿಡಿ. ಹೆಸರು ಕೇಳಿ ಹೆದರುವವರಿಗೆ ಒಂದು ಮಾತು: 1983ರಲ್ಲಿ ಜಾರಿಗೆ ಬಂದ ಈ ಪದ್ಧತಿ ದನಿಯನ್ನು ಸಾಗಿಸುವುದೇ ಇಲ್ಲ. ಯಾವ ಕೀ ಒತ್ತಲಾಯಿತು, ಯಾವಾಗ ಬಿಡಲಾಯಿತು, ಎಷ್ಟು ಜೋರು ಎಂಬ ಸುದ್ದಿಯನ್ನಷ್ಟೇ ಸಾಗಿಸುತ್ತದೆ; ದನಿ ಬರುವುದು ಆಚೆ ಇಟ್ಟ ಪೆಟ್ಟಿಗೆಯಿಂದ ಅಥವಾ ಕಂಪ್ಯೂಟರಿನಿಂದ. ಅಕಾರ್ಡಿಯನ್‌ನಲ್ಲಿ ಪ್ರತಿ ಕೀಗೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿ, ಎದುರಿಗೆ ಅದನ್ನು ಗುರುತಿಸುವ ಸೆನ್ಸರುಗಳ ಪಟ್ಟಿ ಕೂರಿಸುತ್ತಾರೆ. ತಿದಿಯ ಒತ್ತಡ ಅಳೆಯಲು ಇನ್ನೊಂದು ಸೆನ್ಸರು. ಬೇಸ್ ಕಡೆಯ ಸುದ್ದಿ ಬಲಗೈ ಕಡೆಗೆ ಬರಬೇಕಲ್ಲ, ಅದಕ್ಕೊಂದು ಚಪ್ಪಟೆ ವೈರು ತಿದಿಯ ಒಳಗಿನಿಂದಲೇ ಹಾದು ಬರುತ್ತದೆ. ತಿದಿ ಆಡಿದಾಗಲೆಲ್ಲ ಈ ವೈರು ಬಾಗುತ್ತದೆ, ನಿಮಿರುತ್ತದೆ. ವರ್ಷಗಟ್ಟಲೆ.

ಲ್ಯಾಪ್‌ಟಾಪ್ ಜೋಡಿಸಿ ಒಂದೊಂದೇ ಕೀ ಒತ್ತಿದೆ. ಬಲಗೈ ಅಷ್ಟೂ ಸ್ವಚ್ಛ: ಒತ್ತಿದ ಕ್ಷಣ ಸ್ವರ ಬಂತು, ಬಿಟ್ಟ ಕ್ಷಣ ನಿಂತಿತು, ಯಾವುದೂ ಅಂಟಿಕೊಂಡು ಕೂಗುತ್ತ ಉಳಿಯಲಿಲ್ಲ. ಎಡಗೈಯೂ ಚೆನ್ನಾಗಿದೆ ಎನ್ನುವಷ್ಟರಲ್ಲಿ ತಿದಿಯನ್ನು ಪೂರ್ತಿ ಅಗಲಿಸಿದೆ. ಅರ್ಧ ದಾಟುತ್ತಿದ್ದಂತೆ ಬೇಸಿನ ಕೆಲವು ಸ್ವರಗಳು ಪರದೆಯಿಂದ ಮಾಯವಾದವು, ಮುಚ್ಚುತ್ತ ಬಂದಾಗ ಮತ್ತೆ ಬಂದವು. ಅದೇ ಚಪ್ಪಟೆ ವೈರು. ತಿದಿ ಮುಚ್ಚಿಟ್ಟು ಪರೀಕ್ಷಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮಿಡಿ ಅಕಾರ್ಡಿಯನ್ ನೋಡಲು ಹೋದವರು ತಿದಿಯನ್ನು ತುದಿಯವರೆಗೆ ಎಳೆದು ಬೇಸ್ ನುಡಿಸದೆ ಎದ್ದು ಬರಬಾರದು.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ, ಬೆಲೆಗೂ ಸಂಬಂಧಿಸಿದ್ದು. ಯೂರೋಪಿನ ಅಕಾರ್ಡಿಯನ್‌ಗಳ ಶ್ರುತಿ (ನಡುವಿನ ‘ಎ’ ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ) ಸಾಮಾನ್ಯವಾಗಿ 442 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳದ್ದು 440. ರೀಡನ್ನೂ ಮಿಡಿಯ ದನಿಯನ್ನೂ ಒಟ್ಟಿಗೆ ಬಿಟ್ಟರೆ ಆ ಸ್ವರದಲ್ಲಿ ಸೆಕೆಂಡಿಗೆ ಎರಡು ಸಲ ದನಿ ಅಲುಗುತ್ತದೆ. ಪೆಟ್ಟಿಗೆಯಲ್ಲಿ ಶ್ರುತಿ ಏರಿಸುವ ಸೌಲಭ್ಯ ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಎರಡನ್ನೂ ಬೆರೆಸುವ ಸುಖವೇ ಇಲ್ಲ. ಇನ್ನು ಹಾಡುವವರ ಶ್ರುತಿ. ಸುಗಮ ಸಂಗೀತದಲ್ಲಿ ಒಬ್ಬೊಬ್ಬರದ್ದು ಒಂದೊಂದು. ಕೀಬೋರ್ಡಿನವರು ಗುಂಡಿ ಒತ್ತಿ ಶ್ರುತಿ ಬದಲಿಸುತ್ತಾರೆ. ಮಿಡಿಯಲ್ಲೂ ಅದು ಸಾಧ್ಯ. ಆದರೆ ರೀಡಿಗೆ ಅದು ಗೊತ್ತಾಗುವುದಿಲ್ಲ! ಪೆಟ್ಟಿಗೆ ಎರಡು ಮನೆ ಮೇಲೆ ಹಾಡುತ್ತಿರುತ್ತದೆ, ರೀಡು ಹಳೆಯ ಜಾಗದಲ್ಲೇ. ಆದ್ದರಿಂದ ರೀಡುಗಳನ್ನು ಪೂರ್ತಿ ಮುಚ್ಚುವ ಪಟ್ಟಿ ಇದೆಯೇ ಎಂಬುದು ನನ್ನ ಮಟ್ಟಿಗೆ ನೂರಾರು ಯೂರೋಗಳ ಪ್ರಶ್ನೆ. ಇದರಲ್ಲಿ ಇತ್ತು. ಮುಚ್ಚಿ ನುಡಿಸಿದಾಗ ಗಾಳಿ ಹೋಗಲು ದಾರಿಯಿಲ್ಲದೆ ತಿದಿ ಕಲ್ಲಿನಂತೆ ನಿಲ್ಲುತ್ತದೆ, ಬರಿಯ ಒತ್ತಡದ ಮೇಲೆ ಜೋರು–ಮೆತ್ತಗೆ ಮಾಡಬೇಕು. ಕೈಗೆ ವಿಚಿತ್ರ ಅನ್ನಿಸಿದರೂ ರಾತ್ರಿಯ ಅಭ್ಯಾಸಕ್ಕೆ ಇದೇ ದಾರಿ.

ಹೊಸದಾಗಿ ಇಂಥ ಮಿಡಿ ಕೂರಿಸಲು ಸಾವಿರ ಯೂರೋಗಿಂತ ಎಷ್ಟೋ ಮೇಲೆ ಆಗುತ್ತದೆ, ಇವರಿಗೆ 1,500 ಆಗಿತ್ತಂತೆ. ಅಷ್ಟೂ ಕೆಲಸ ಮಾಡುವ ಹಳೆಯ ಮಿಡಿಗೆ ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಾನು ಕೊಡುವುದಿಲ್ಲ. ಕೂರಿಸಿದವರ ಕೂಲಿ ಮಾರುವಾಗ ಮರಳಿ ಬರುವ ಹಣವಲ್ಲ, ಒಳಗಿನ ಬೋರ್ಡಿಗೆ ನಾಳೆ ಬಿಡಿಭಾಗ ಸಿಗುವ ಭರವಸೆಯೂ ಇಲ್ಲ. ಸಾಮಾನ್ಯ ಐದು ಕಡ್ಡಿಯ ಮಿಡಿ ಕನೆಕ್ಟರ್ ಇದ್ದರೆ ಮಾತ್ರ ಇಷ್ಟು. ಆ ಕಂಪನಿಯದೇ ವಿಶೇಷ ಕೇಬಲ್ ಬೇಕಾದರೆ ಅದರಲ್ಲೂ ಅರ್ಧ ಮಾತ್ರ. 500ರಲ್ಲಿ ವೈರಿನ ರಿಪೇರಿಗೆ 200 ಹೋಯಿತು. ಹಿಂಬದಿಯಲ್ಲಿ ಕನೆಕ್ಟರುಗಳಿಗೆಂದು ಕೊರೆದ ತೂತುಗಳಿಗೆ, ಜಾಲರಿ ಕತ್ತರಿಸಿ ಕೂರಿಸಿದ ಪರದೆಗೆ 100 ಕಳೆದೆ. ಉಳಿದ 200ನ್ನು ತಳಪಾಯದ 1,300ಕ್ಕೆ ಸೇರಿಸಿದರೆ ಒಟ್ಟು 1,500. ಕೇಳಿದ್ದು 2,600.

ರೋಲ್ಯಾಂಡ್‌ನ ಕಥೆಯೇ ಬೇರೆ. ಆ ಕಂಪನಿ 2004ರಲ್ಲಿ ವಿ-ಅಕಾರ್ಡಿಯನ್ ಸಾಲನ್ನು ತಂದಾಗ ರೀಡನ್ನು ಪೂರ್ತಿ ಕೈಬಿಟ್ಟಿತು. ತಿದಿ ಇದೆ, ಅದು ಒತ್ತಡ ಅಳೆಯಲು ಮಾತ್ರ. ಎಫ್‌ಆರ್-3ಎಕ್ಸ್‌ಗೆ 37 ಕೀ, 120 ಬೇಸ್. ಶ್ರುತಿ ಕೆಡುವುದಿಲ್ಲ, ಮೇಣ ಕರಗುವುದಿಲ್ಲ, ಬೇಕಾದ ಶ್ರುತಿಗೆ ಇಡೀ ವಾದ್ಯವನ್ನೇ ಬದಲಿಸಬಹುದು. ಹೆಡ್‌ಫೋನ್ ಚುಚ್ಚಿದರೆ ಮನೆ ನಿಶ್ಶಬ್ದ. ನಾನು ನೋಡಿದ್ದರಲ್ಲಿ ಪ್ರತಿ ಕೀ, ಪ್ರತಿ ಗುಂಡಿ ಕೆಲಸ ಮಾಡಿತು. ಕೆಲಸದ ದೃಷ್ಟಿಯಿಂದಷ್ಟೇ ನೋಡಿದರೆ ನನ್ನ ಎರಡೂ ಅಗತ್ಯಗಳಿಗೆ ಇದೇ ಮೊದಲನೆಯದು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಲ್ಲಿ ಬೆಲೆಗೆ ತಳಪಾಯವೇ ಇಲ್ಲ. ಎಲೆಕ್ಟ್ರಾನಿಕ್ಸ್ ಹೋದ ದಿನ ಇಟಲಿಯ ವಾದ್ಯ 1,300ರ ವಾದ್ಯವಾಗಿ ಉಳಿಯುತ್ತದೆ, ಇದು ಖಾಲಿ ಪೆಟ್ಟಿಗೆಯಾಗುತ್ತದೆ. ಇದರ ನಂತರದ ಎಫ್‌ಆರ್-4ಎಕ್ಸ್ ಬಂದಾಗಿದೆ, ಬೆಲೆ ಇಳಿಯುತ್ತಲೇ ಇರುತ್ತದೆ. 1,700 ಕೊಡಬಹುದು ಎಂದುಕೊಂಡೆ. ವ್ಯತ್ಯಾಸ ಇನ್ನೂರು ಅಷ್ಟೇ. ಕೇಳಿದ ಬೆಲೆಯಲ್ಲಿ ಅನ್ಯಾಯವೇನೂ ಇರಲಿಲ್ಲ.

1960–70ರ ದಶಕಗಳ ಕಾರ್ಡೊವಾಕ್ಸ್‌ನಂಥ ವಾದ್ಯಗಳೂ ಆಗಾಗ ಮಾರಾಟಕ್ಕೆ ಬರುತ್ತವೆ: ರೀಡಿನ ಜೊತೆಗೆ ಎಲೆಕ್ಟ್ರಾನಿಕ್ ಆರ್ಗನ್, ದಪ್ಪ ಕೇಬಲ್, ಪಕ್ಕದಲ್ಲೊಂದು ಪೆಟ್ಟಿಗೆ. ಕೇಬಲ್ಲೋ ಪೆಟ್ಟಿಗೆಯೋ ಇಲ್ಲದಿದ್ದರೆ ಅದರ ಎಲೆಕ್ಟ್ರಾನಿಕ್ಸ್‌ಗೆ ಬೆಲೆ ಸೊನ್ನೆ. ತೂಕ ಮಾತ್ರ ಹೆಗಲಿಗೆ ಉಳಿಯುತ್ತದೆ.

ನಾನು ಕೊಂಡದ್ದು ಇಟಲಿಯದನ್ನು. ಹಿರಿಯರ ಮುಂದೆ ಕಾಗದದ ಮೇಲೆ ಮೇಲಿನ ಲೆಕ್ಕವನ್ನೇ ಬರೆದು ತೋರಿಸಿದೆ, ತಿದಿ ಎಳೆದು ಬೇಸ್ ಮಾಯವಾಗುವುದನ್ನೂ ತೋರಿಸಿದೆ. ಮೊದಲು ಒಪ್ಪಲಿಲ್ಲ. ಕೆಲವು ವಾರಗಳ ನಂತರ ಅವರೇ ಫೋನ್ ಮಾಡಿದರು, 1,650ಕ್ಕೆ ಮುಗಿಯಿತು. ನೂರೈವತ್ತು ಹೆಚ್ಚು ಕೊಟ್ಟದ್ದು ರೀಡಿನ ದನಿಗೆ: ಮಂದ್ರದ ಸಾಲನ್ನು ಮಾತ್ರ ತೆರೆದು ಒಂದು ಭಾವಗೀತೆಯ ಪಲ್ಲವಿ ಹಿಡಿದಾಗ ಎದೆಗೆ ತಾಗುವ ಆ ಅದುರುವಿಕೆ ರೋಲ್ಯಾಂಡ್‌ನಲ್ಲಿ ನನಗೆ ಸಿಗಲಿಲ್ಲ. ಹಾಡುವವರು ಪದೇ ಪದೇ ಬದಲಾಗುವ ವಾದ್ಯಗೋಷ್ಠಿಯಲ್ಲಿ ದುಡಿಯುವವರು ಮಾತ್ರ ನನ್ನ ದಾರಿ ಹಿಡಿಯಬಾರದು. ಅವರಿಗೆ ರೋಲ್ಯಾಂಡ್ ಸರಿ.

ಮೈಸೂರಿನ ಗೆಳೆಯರೊಬ್ಬರು ಇದೇ ಲೆಕ್ಕ ಅಲ್ಲಿಗೂ ಹೊಂದುತ್ತದೆಯೇ ಎಂದು ಕೇಳಿದರು. ಸ್ವಲ್ಪ ಬದಲಿಸಬೇಕು. ನಮ್ಮಲ್ಲಿ ಹಾರ್ಮೋನಿಯಂ ರಿಪೇರಿಯವರು ಸಿಗುತ್ತಾರೆ, ಆದರೆ ಅವರ ಕೈ ಪಳಗಿರುವುದು ಹಿತ್ತಾಳೆಯ ರೀಡಿನ ಮೇಲೆ. ಮೇಣದಲ್ಲಿ ಕೂರಿಸಿದ ಉಕ್ಕಿನ ರೀಡು ಬೇರೆ ಕೆಲಸ. ವೈರು, ಬೋರ್ಡು ಸರಿಪಡಿಸುವವರನ್ನು ಹುಡುಕುವುದು ಅದಕ್ಕಿಂತ ಸುಲಭ. ಹಾಗಾಗಿ ಅಲ್ಲಿ ರೀಡಿನ ದೋಷಕ್ಕೆ ಇಲ್ಲಿಗಿಂತ ಹೆಚ್ಚು ಕಳೆಯಬೇಕು, ವೈರಿನ ದೋಷಕ್ಕೆ ಕಡಿಮೆ. ಮಂಗಳೂರು, ಕಾರವಾರದ ಕಡೆ ಮಳೆಗಾಲಗಳನ್ನು ಕಂಡ ವಾದ್ಯವಾದರೆ ಒಳಗಿನ ರೀಡಿನ ಕಟ್ಟುಗಳನ್ನು ಒಂದೊಂದಾಗಿ ಹೊರತೆಗೆಸಿ ತುಕ್ಕು ನೋಡುವವರೆಗೆ ಮುಂಗಡವನ್ನೂ ಕೊಡಬೇಡಿ ಎಂದು ಹೇಳಿದ್ದೇನೆ.