ಮ್ಯಾಪಿಂಗ್ ಇನಿಕ್ವಾಲಿಟಿ ವೆಬ್‌ಸೈಟ್ ರಿವ್ಯೂ: ಪಾಠ ಮಾಡೋರಿಗೆ ಚಿನ್ನ, ಆದ್ರೆ ಮ್ಯಾಪಿಂದ ಶುರು ಮಾಡ್ಬೇಡಿ

ಅಮೆರಿಕದ ಕಾಲೇಜುಗಳಲ್ಲಿ ರೇಸ್, ಅಸಮಾನತೆ ಬಗ್ಗೆ ಕೋರ್ಸ್ ಕಟ್ಟೋ ಕೆಲಸ ಹೆಗಲಿಗೆ ಬಿದ್ದಿರೋ ಕನ್ನಡದೋರಿಗೆ ಅಂತ ಇದನ್ನ ಬರೀತಿದೀನಿ, ಟೀಚಿಂಗ್ ಅಸಿಸ್ಟೆಂಟ್ ಆಗಿರೋರಿಗೂ ಸರಿ, ನನ್ ಥರ ಪೂರ್ತಿ ಸೆಮಿಸ್ಟರ್ ಒಬ್ರೇ ಎಳೀತಿರೋರಿಗೂ ಸರಿ. ಯೂನಿವರ್ಸಿಟಿ ಆಫ್ ರಿಚ್ಮಂಡ್‌ನ ಡಿಜಿಟಲ್ ಸ್ಕಾಲರ್‌ಶಿಪ್ ಲ್ಯಾಬ್‌ನೋರು ಬೇರೆ ಯೂನಿವರ್ಸಿಟಿಗಳ ಜೊತೆ ಸೇರಿ 2016ರಲ್ಲಿ ಮ್ಯಾಪಿಂಗ್ ಇನಿಕ್ವಾಲಿಟಿ ಅಂತ ಒಂದು ಸೈಟ್ ಬಿಟ್ರು. ಪೂರ್ತಿ ಫ್ರೀ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆ ಅರ್ಧ ಸ್ಟಾರ್ ಯಾಕೆ ಹೋಯ್ತು ಅಂದ್ರೆ ಸೈಟ್ ಕೆಟ್ಟದಾಗಿರೋದಕ್ಕಲ್ಲ ಮಾರಾಯ್ರೆ, ಅತಿಯಾಗಿ ಚೆನ್ನಾಗಿರೋದಕ್ಕೆ, ಅದನ್ನ ಮುಂದೆ ಹೇಳ್ತೀನಿ.

ಗೊತ್ತಿಲ್ದೆ ಇರೋರಿಗೆ ಸ್ವಲ್ಪ ಹಿನ್ನೆಲೆ. 1933ರಲ್ಲಿ, ಗ್ರೇಟ್ ಡಿಪ್ರೆಶನ್ ಅನ್ನೋ ಆರ್ಥಿಕ ಕುಸಿತದ ಟೈಮಲ್ಲಿ, ಮನೆ ಸಾಲ ಕಟ್ಟಕ್ಕಾಗದೆ ಜನ ಮನೆ ಕಳ್ಕೊಳ್ತಿದ್ದಾಗ ಅಮೆರಿಕ ಸರ್ಕಾರ ಹೋಮ್ ಓನರ್ಸ್ ಲೋನ್ ಕಾರ್ಪೊರೇಶನ್ ಅಂತ ಮಾಡ್ತು, ಎಚ್‌ಒಎಲ್‌ಸಿ ಅಂತಾರೆ ಚಿಕ್ಕದಾಗಿ. ಅವರು ಹತ್ತು ಲಕ್ಷಕ್ಕೂ ಜಾಸ್ತಿ ಮನೆ ಸಾಲಗಳನ್ನ ತಾವು ತಗೊಂಡು ಕಂತು ಉದ್ದ ಮಾಡಿ ಕೊಟ್ರು. ಆಮೇಲೆ 1935ರಿಂದ 1940ರ ತನಕ, ನಲವತ್ತು ಸಾವಿರಕ್ಕಿಂತ ಜಾಸ್ತಿ ಜನಸಂಖ್ಯೆ ಇರೋ 239 ಊರುಗಳನ್ನ ಸರ್ವೆ ಮಾಡಿ, ಏರಿಯಾ ಏರಿಯಾಗೂ ಗ್ರೇಡ್ ಕೊಟ್ರು. ಎ ಹಸಿರು, ಬಿ ನೀಲಿ, ಸಿ ಹಳದಿ, ಡಿ ಕೆಂಪು. ಕೆಂಪು ಅಂದ್ರೆ ಅಪಾಯ, ಅಲ್ಲಿ ದುಡ್ಡು ಹಾಕೋಕೆ ಮುಂಚೆ ಯೋಚ್ನೆ ಮಾಡಿ ಅಂತ. ರೆಡ್‌ಲೈನಿಂಗ್ (ಏರಿಯಾ ನೋಡಿ, ಅಲ್ಲಿರೋ ಜನರನ್ನ ನೋಡಿ ಸಾಲ ಕೊಡದೆ ಹೊರಗಿಡೋದು) ಅಂದ ತಕ್ಷಣ ಎಲ್ರೂ ತೋರ್ಸೋದು ಇದೇ ಮ್ಯಾಪುಗಳನ್ನ. ಈ ಸೈಟಲ್ಲಿ ಅವನ್ನ ಸ್ಕ್ಯಾನ್ ಮಾಡಿ ಈಗಿನ ಮ್ಯಾಪ್ ಮೇಲೆ ಕೂರ್ಸಿದಾರೆ, ಊರು ಹುಡ್ಕಿ ಬೀದಿ ತನಕ ಝೂಮ್ ಮಾಡ್ಬೋದು. ಮಾಡೋದಾದ್ರೆ ಲ್ಯಾಪ್‌ಟಾಪಲ್ಲಿ ಮಾಡಿ, ಇಂಥ ಮ್ಯಾಪ್ ಫೋನಲ್ಲಿ ನೋಡೋದು ಕಣ್ಣಿಗೆ ಶಿಕ್ಷೆ.

ನಿಜವಾದ ಸರಕು ಇರೋದು ಮಾತ್ರ ಮ್ಯಾಪಲ್ಲಲ್ಲ, ಅದರ ಜೊತೆ ಇರೋ ಫಾರ್ಮುಗಳಲ್ಲಿ. ಬಹುಪಾಲು ಏರಿಯಾಗಳಿಗೆ ಸರ್ವೆ ಮಾಡಿದೋರು ಟೈಪ್ ಮಾಡಿದ ಹಾಳೆ ಇದೆ. ಮನೆಗಳಿಗೆ ಎಷ್ಟು ವಯಸ್ಸಾಗಿದೆ, ರಿಪೇರಿ ಹೆಂಗಿದೆ, ಬಾಡಿಗೆ ಎಷ್ಟು ಅಂತೆಲ್ಲ ಇರತ್ತೆ, ಅದು ಬ್ಯಾಂಕಿನೋರು ಕೇಳೋದೇ ಬಿಡಿ. ಅದರ ಮಧ್ಯದಲ್ಲೇ, ತೀರಾ ಮಾಮೂಲಿ ಅನ್ನೋ ಹಾಗೆ, ಇಲ್ಲಿರೋರು ಏನ್ ಕೆಲ್ಸ ಮಾಡ್ತಾರೆ, ವಿದೇಶದಲ್ಲಿ ಹುಟ್ಟಿದೋರು ಎಷ್ಟು ಪರ್ಸೆಂಟು ಯಾವ ದೇಶದೋರು, ನೀಗ್ರೋಗಳು ಎಷ್ಟು, ಯಾವ ಥರದ ಜನ ಒಳಗೆ ನುಗ್ತಾ ಇದಾರೆ ಅನ್ನೋ ಕಾಲಮ್ಮುಗಳು. ಛಾವಣಿ ಸೋರತ್ತಾ ಅನ್ನೋದೂ ಪಕ್ಕದ್ಮನೇಲಿ ಯಾರಿದಾರೆ ಅನ್ನೋದೂ ಒಂದೇ ಹಾಳೇಲಿ, ಒಂದೇ ಅಕ್ಷರದಲ್ಲಿ. ಇದನ್ನ ಓದಿದ ಕ್ಲಾಸಿಗೆ ಸಾಂಸ್ಥಿಕ ಜನಾಂಗಭೇದ ಅಂದ್ರೇನು ಅಂತ ಡೆಫಿನಿಶನ್ ಬರೆಸೋ ಅಗತ್ಯ ಬರಲ್ಲ.

ನಾನು ಕ್ಲಾಸಲ್ಲಿ ಮಾಡೋದು ಇಷ್ಟೇ. ಒಂದು ಊರಿನ ನಾಲ್ಕೈದು ಫಾರ್ಮ್ ಪ್ರಿಂಟ್ ತಗೊಂಡು, ಗ್ರೇಡ್ ಇರೋ ಜಾಗ ಮುಚ್ಚಿ, ಇದಕ್ಕೆ ನೀವು ಎ ಕೊಡ್ತೀರೋ ಡಿ ಕೊಡ್ತೀರೋ ಹೇಳಿ ಅಂತ ಗುಂಪುಗಳಿಗೆ ಹಂಚೋದು. ಮೊದ್ಲು ಹುಡುಗ್ರು ಮನೆ ಕಂಡೀಶನ್ ನೋಡಿ ಗ್ರೇಡ್ ಕೊಡ್ತಾರೆ, ಆಮೇಲೆ ಮುಚ್ಚಿದ್ದು ತೆಗೆದಾಗ ಎಲ್ಲಿ ತಪ್ಪಿತು ಅಂತ ವಾಪಸ್ ಹೋಗಿ ಹುಡುಕ್ತಾರೆ, ಆಗ ಆ ಕಾಲಮ್ ಕಣ್ಣಿಗೆ ಬೀಳತ್ತೆ. ನಾನೇನೂ ಹೇಳ್ಬೇಕಾಗಿಲ್ಲ. ಈಗಿನ ವಾತಾವರಣದಲ್ಲಿ ಇದು ಸಣ್ಣ ವಿಷಯ ಅಲ್ಲ. ಫ್ಲೋರಿಡಾದಲ್ಲಿ 2023ರ ಕಾನೂನು ಜನರಲ್ ಎಜುಕೇಶನ್ ಕೋರ್ಸುಗಳಲ್ಲಿ ಏನ್ ಹೇಳ್ಬೋದು ಏನ್ ಹೇಳ್ಬಾರ್ದು ಅನ್ನೋದಕ್ಕೇ ಬೇಲಿ ಹಾಕ್ತು, 2024ರ ಜನವರೀಲಿ ಅಲ್ಲಿನ ಯೂನಿವರ್ಸಿಟಿಗಳ ಬೋರ್ಡು ಸೋಶಿಯಾಲಜಿನ ಕೋರ್ ಕೋರ್ಸುಗಳ ಪಟ್ಟಿಯಿಂದಲೇ ತೆಗೀತು. ಮೇಷ್ಟ್ರು ತಮ್ಮ ಅಭಿಪ್ರಾಯ ತುರುಕ್ತಿದಾರೆ ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ, ಸ್ವಾಮಿ ಇದು ನಿಮ್ಮ ಸರ್ಕಾರವೇ ಟೈಪ್ ಮಾಡಿದ ಹಾಳೆ, ನಾನು ಬರೀ ಜೆರಾಕ್ಸ್ ಮಾಡಿದೀನಿ ಅನ್ಬೋದು.

ಈಗ ಆ ಅರ್ಧ ಸ್ಟಾರಿನ ವಿಷಯ. ಮ್ಯಾಪ್ ಮೊದ್ಲು ತೋರ್ಸಿದ್ರೆ ಪಾಠ ಅಲ್ಲೇ ಮುಗಿದುಹೋಗತ್ತೆ. ಕೆಂಪು ಬಣ್ಣ, ಇವತ್ತಿನ ಬಡ ಏರಿಯಾ, ಎರಡೂ ಒಂದರ ಮೇಲೊಂದು ಕೂತ್ಕೊಂಡ್ರೆ ಹುಡುಗರಿಗೆ ಉತ್ತರ ಸಿಕ್ಬಿಡ್ತು, 1930ರ ದಶಕದಲ್ಲಿ ಯಾರೋ ಆಫೀಸರ್ ಗೆರೆ ಎಳೆದ ಅದಕ್ಕೇ ಹಿಂಗಾಯ್ತು ಅಂತ. ಹೊಟ್ಟೆ ತುಂಬಾ ಹೋಳಿಗೆ ತಿಂದೋರಿಗೆ ಆಮೇಲೆ ಅನ್ನ ಸಾರು ಸೇರತ್ತಾ? ಸೈಟಲ್ಲಿರೋ ಲೇಖನ ಓದ್ರಪ್ಪಾ ಅಂದ್ರೆ ಯಾರೂ ಓದಲ್ಲ, ಫೈನಲ್ ಪೇಪರಲ್ಲಿ ಅದೇ ಒಂದು ವಾಕ್ಯ ಬೇರೆಬೇರೆ ಇಂಗ್ಲಿಷಲ್ಲಿ ಬರತ್ತೆ.

ವಿಷಯ ಅಷ್ಟು ಸಲೀಸಾಗಿಲ್ಲ. ಎಚ್‌ಒಎಲ್‌ಸಿ ಸಾಲ ಕೊಟ್ಟಿದ್ದು 1933ರಿಂದ 36ರ ಒಳಗೆ, ಮ್ಯಾಪ್ ಬರೆದಿದ್ದು ಬಹುಪಾಲು ಅದಾದ್ಮೇಲೆ. ಅಂದ್ರೆ ಈ ಮ್ಯಾಪ್ ನೋಡಿ ಎಚ್‌ಒಎಲ್‌ಸಿ ಸಾಲ ಕೊಡ್ಲಿಲ್ಲ ಅನ್ನೋದು ಲೆಕ್ಕಕ್ಕೆ ಕೂರಲ್ಲ. ಏಮಿ ಹಿಲಿಯರ್ ಅನ್ನೋ ವಿದ್ವಾಂಸರು ಫಿಲಡೆಲ್ಫಿಯಾ ದಾಖಲೆ ಕೆದಕಿ ನೋಡಿದಾಗ ಮ್ಯಾಪುಗಳು ಬ್ಯಾಂಕಿನೋರ ಕೈಗೆ ಅಷ್ಟೇನೂ ಹೋಗಿರ್ಲಿಲ್ಲ, ಕೆಂಪು ಏರಿಯಾಗೂ ಸಾಲ ಸಿಕ್ಕಿತ್ತು ಅಂತ ಗೊತ್ತಾಯ್ತು. ಪ್ರೈಸ್ ಫಿಶ್‌ಬ್ಯಾಕ್ ಅನ್ನೋ ಅರ್ಥಶಾಸ್ತ್ರಜ್ಞರು ಮತ್ತು ಜೊತೆಗಾರರು ಉತ್ತರದ ದೊಡ್ಡ ನಗರಗಳ ಲೆಕ್ಕ ತೆಗೆದ್ರು, ಸ್ವಂತ ಮನೆ ಇದ್ದ ಕಪ್ಪು ಜನರಲ್ಲಿ 95 ಪರ್ಸೆಂಟಿಗೂ ಜಾಸ್ತಿ ಕೆಂಪು ಏರಿಯಾದಲ್ಲೇ ಇದ್ರು, ಆದ್ರೆ ಕೆಂಪು ಏರಿಯಾದಲ್ಲಿ ಸ್ವಂತ ಮನೆ ಇದ್ದೋರಲ್ಲಿ 92 ಪರ್ಸೆಂಟ್ ಬಿಳಿಯರು. ಈ ಎರಡು ನಂಬರನ್ನ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು ಸುಮ್ನೆ ನಿಂತ್ಕೊಳ್ಳಿ, ಇಡೀ ಕ್ಲಾಸ್ ಅದರಲ್ಲೇ ಹೋಗತ್ತೆ. ಎರಡೂ ಒಟ್ಟಿಗೆ ಹೆಂಗೆ ನಿಜ ಆಗತ್ತೆ ಅಂತ ಯೋಚ್ನೆ ಮಾಡೋಕೆ ಬಂದ್ರೆ ಕೋರ್ಸಿನ ಅರ್ಧ ಕೆಲ್ಸ ಆದಂಗೆ.

ಹಂಗಂದ್ರೆ ಅನ್ಯಾಯ ಆಗ್ಲೇ ಇಲ್ವಾ ಅಂತ ಒಬ್ರಾದ್ರೂ ಕೇಳೇ ಕೇಳ್ತಾರೆ. ಆಯ್ತು, ಚೆನ್ನಾಗೇ ಆಯ್ತು, ಆದ್ರೆ ಅದನ್ನ ಹುಡುಕ್ಬೇಕಾಗಿರೋದು ಬೇರೆ ಬಾಗಿಲಲ್ಲಿ. 1934ರಲ್ಲಿ ಬಂದ, ಮನೆ ಸಾಲಗಳಿಗೆ ಸರ್ಕಾರದ ಗ್ಯಾರಂಟಿ ಕೊಡೋ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ನಿಗೆ, ಅಂದ್ರೆ ಎಫ್‌ಎಚ್‌ಎಗೆ, ತನ್ನದೇ ರೂಲ್ ಬುಕ್ ಇತ್ತು. ಕಪ್ಪು ಜನರಿಗೆ ಮಾರಬಾರದು ಅನ್ನೋ ಷರತ್ತು ಮನೆ ಪತ್ರದಲ್ಲಿ ಇದ್ರೆ ಒಳ್ಳೇದು ಅಂತ ಆ ಬುಕ್ಕೇ ಹೇಳ್ತಿತ್ತು. ಅಂಥ ಷರತ್ತನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಮನೆ ಮಾರಾಟದಲ್ಲಿ ಭೇದ ಮಾಡೋದೇ ತಪ್ಪು ಅಂತ ಕಾನೂನು ಬಂದಿದ್ದು 1968ರಲ್ಲಿ. ನಾನು ಇಲ್ಲಿ ಡೆಟ್ರಾಯ್ಟ್ ಇಟ್ಕೊತೀನಿ. ಅಲ್ಲಿ ಏಟ್ ಮೈಲ್ ರೋಡ್ ಹತ್ರ 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆ ಅಂತ ಲೇಔಟ್ ಮಾಡಕ್ ಹೋದ, ಪಕ್ಕದಲ್ಲಿ ಕಪ್ಪು ಜನ ಇದಾರೆ ಅಂತ ಎಫ್‌ಎಚ್‌ಎ ಒಪ್ಪಲಿಲ್ಲ, ಅದಕ್ಕೆ ಆತ ಮಧ್ಯದಲ್ಲಿ ಆರಡಿ ಎತ್ತರ ಅರ್ಧ ಮೈಲಿ ಉದ್ದ ಗೋಡೆ ಕಟ್ಟಿದ. ಒಪ್ಪಿಗೆ ಸಿಕ್ತು! ಗೋಡೆ ಇವತ್ತಿಗೂ ನಿಂತಿದೆ, ಒಂದಷ್ಟು ಉದ್ದಕ್ಕೆ ಮ್ಯೂರಲ್ ಬರೆದಿದಾರೆ. ಎಚ್‌ಒಎಲ್‌ಸಿ ಮ್ಯಾಪ್ ಎಷ್ಟೇ ಝೂಮ್ ಮಾಡಿದ್ರೂ ಈ ಕಥೆ ಸಿಗಲ್ಲ, ಸಾಲಕ್ಕೆ ಗ್ಯಾರಂಟಿ ಕೊಡೋನು ಯಾರು ಅಂತ ಕೇಳಿದ್ರೆ ಮಾತ್ರ ಸಿಗತ್ತೆ.

ಅದಕ್ಕೇ ನನ್ನ ಆರ್ಡರ್ ಹಿಂಗೆ: ಮೊದ್ಲು ಫಾರ್ಮ್, ಆಮೇಲೆ ಎಫ್‌ಎಚ್‌ಎ ಮತ್ತು ಗೋಡೆ, ಆಮೇಲೆ ಆ ಎರಡು ನಂಬರು, ಎಲ್ಲಾ ಆದ್ಮೇಲೆ ಬಣ್ಣದ ಮ್ಯಾಪ್. ಕೊನೆಗೆ 2020ರ ಬಿಸಿಲಿನ ಸ್ಟಡಿ. 108 ನಗರಗಳನ್ನ ನೋಡಿದ್ರಲ್ಲಿ 94 ಪರ್ಸೆಂಟ್ ಕಡೆ ಹಳೇ ಕೆಂಪು ಏರಿಯಾಗಳು ಬೇರೆ ಏರಿಯಾಗಿಂತ ಬಿಸಿ, ಮರ ಕಮ್ಮಿ ಕಾಂಕ್ರೀಟ್ ಜಾಸ್ತಿ. ಮ್ಯಾಪಿಂದಾನೇ ಹಿಂಗಾಯ್ತಾ, ಇಲ್ಲಾ ಮ್ಯಾಪೂ ಬಿಸಿನೂ ಎರಡೂ ಬೇರೊಂದರಿಂದ ಬಂದ್ವಾ ಅಂತ ಅಷ್ಟೊತ್ತಿಗೆ ಹುಡುಗರೇ ಜಗಳ ಶುರು ಮಾಡ್ತಾರೆ.

ನಮ್ಮೋರಿಗೂ ಇದರಲ್ಲಿ ಜಾಗ ಇದೆ. ಕ್ಲಾಸಲ್ಲಿ ಇಂಡಿಯನ್ ಮಕ್ಕಳು ಇದ್ದೇ ಇರ್ತಾರೆ, ಇದು ನಮ್ಮ ಕಥೆ ಅಲ್ಲ ಅನ್ನೋ ಮುಖ ಹಾಕ್ಕೊಂಡು. ಇಂಡಿಯಾದಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್ ಅನ್ನೋರಿಗೆ ನೀನು ಬಿಳಿಯ ಅಲ್ಲ, ಸಿಟಿಜನ್‌ಶಿಪ್ ಇಲ್ಲ ಅಂತ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು ಅಂದ್ರೆ ಸ್ವಲ್ಪ ನೆಟ್ಟಗೆ ಕೂರ್ತಾರೆ. 1965ರ ವಲಸೆ ಕಾನೂನು ಬಂದ್ಮೇಲೆ ಬಂದ ನಮ್ಮ ಡಾಕ್ಟರು ಇಂಜಿನಿಯರುಗಳು ಮನೆ ತಗೊಂಡಿದ್ದು, 1968ರ ಕಾನೂನಿಗೋಸ್ಕರ ಬೇರೆಯೋರು ಹೋರಾಡಿ ತೆರೆಸಿದ ಬಾಗಿಲಲ್ಲಿ. ಕನ್ನಡ ಕೂಟದ ಪಾಟ್‌ಲಕ್ಕಲ್ಲಿ ಯಾರಾದ್ರೂ ಮನೆ ಹುಡುಕ್ತಿದೀನಿ ಅಂದ್ರೆ ಮೊದ್ಲು ಬರೋ ಮಾತು, ಆ ಕಡೆ ಬೇಡ ರೀ, ಸ್ಕೂಲ್ ರೇಟಿಂಗ್ ಸರಿ ಇಲ್ಲ. ಶಾಲೆಗೆ ದುಡ್ಡಿನ ದೊಡ್ಡ ಭಾಗ ಬರೋದು ಅದೇ ಏರಿಯಾದ ಪ್ರಾಪರ್ಟಿ ಟ್ಯಾಕ್ಸಿಂದ, ಮನೆ ಬೆಲೆ ಕಮ್ಮಿ ಇದ್ರೆ ಶಾಲೆಗೂ ಕಮ್ಮಿ. ಆ ರೇಟಿಂಗ್ ಮ್ಯಾಪನ್ನೂ ಈ ಸೈಟನ್ನೂ ಅಕ್ಕಪಕ್ಕ ಇಟ್ಟು ನೋಡಿ ಅಂತ ಅಸೈನ್ಮೆಂಟ್ ಕೊಡೋದುಂಟು, ಸ್ವಂತ ಅಪ್ಪ ಅಮ್ಮನ ಹತ್ರ ಹೋಗಿ ನೀವು ಈ ಮನೆ ಯಾಕೆ ತಗೊಂಡ್ರಿ ಅಂತ ಕೇಳೋರೂ ಇದಾರೆ.

ಕೊರತೆ ಅಂದ್ರೆ ಹಳ್ಳಿ, ಸಣ್ಣ ಊರು, ನೇಟಿವ್ ಅಮೆರಿಕನ್ ರಿಸರ್ವೇಶನ್ ಯಾವುದೂ ಸಿಗಲ್ಲ, ಸರ್ವೆನೇ ಆಗಿಲ್ವಲ್ಲ. ಅಂಥ ಕಡೆಯಿಂದ ಬಂದ ಮಕ್ಕಳು ತಮ್ಮೂರು ಹುಡುಕಿ ಪೆಚ್ಚಾಗ್ತಾರೆ. ಅವರಿಗೆ ಇದೇ ಲ್ಯಾಬಿನ ರಿನ್ಯೂಯಿಂಗ್ ಇನಿಕ್ವಾಲಿಟಿ ಸೈಟ್ ಕೊಡಿ, 1950ರಿಂದ 66ರ ತನಕ ಊರು ಸುಧಾರಣೆ ಹೆಸರಲ್ಲಿ ಎಷ್ಟು ಕುಟುಂಬ ಎಬ್ಬಿಸಿದ್ರು ಅಂತ ಅದರಲ್ಲಿದೆ, ಸಣ್ಣ ಊರುಗಳೂ ಇವೆ. ಎಚ್‌ಒಎಲ್‌ಸಿ ಮ್ಯಾಪುಗಳ ಡೇಟಾನೂ ಇಳಿಸ್ಕೋಬೋದು, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, ಅವರ ಹೆಸರು ಹಾಕ್ಬೇಕು. ಕ್ಯೂಜಿಐಎಸ್ ಅಂತ ಮ್ಯಾಪ್ ಸಾಫ್ಟ್‌ವೇರ್ ಫ್ರೀ ಇದೆ, ಅದರಲ್ಲಿ ಓಪನ್ ಆಗತ್ತೆ. ಮೊದಲ ಸಲ ಮಾಡೋರು ನ್ಯೂಯಾರ್ಕ್ ಶಿಕಾಗೋಗೆ ಕೈ ಹಾಕ್ಬೇಡಿ, ಏರಿಯಾಗಳು ಸಿಕ್ಕಾಪಟ್ಟೆ, ಹತ್ತಿಪ್ಪತ್ತು ಏರಿಯಾ ಇರೋ ಸಣ್ಣ ನಗರ ಒಂದು ಆರಿಸ್ಕೊಳ್ಳಿ.