ಸಿಜೆಡ್ 452 ಲಕ್ಸ್, ಜೊತೆಗೆ ಇನ್ನೊಂದಿಷ್ಟು ಕೋವಿಗಳು: ಬಳಸ್ತಾ ಬಳಸ್ತಾ ಇಷ್ಟ ಆಗಿದ್ದು

ಮೊದಲೇ ಹೇಳಿಬಿಡ್ತೀನಿ, ಸಿಜೆಡ್ 452 ಅನ್ನೋ ಈ ರೈಫಲಿನ ಸೇಫ್ಟಿ (ತಪ್ಪಿ ಗುಂಡು ಹಾರದಂಗೆ ತಡೆಯೋ ಕೀಲು) ಉಲ್ಟಾ. ಬೇರೆ ಹೆಚ್ಚಿನ ರೈಫಲ್‌ಗಳಲ್ಲಿ ಮುಂದಕ್ಕೆ ತಳ್ಳಿದ್ರೆ ಫೈರ್, ಹಿಂದಕ್ಕೆ ಎಳೆದ್ರೆ ಸೇಫ್ ಇರತ್ತೆ, ಇದರಲ್ಲಿ ಮುಂದಕ್ಕೆ ತಳ್ಳಿದ್ರೆ ಸೇಫ್, ಹಿಂದಕ್ಕೆ ಎಳೆದ್ರೆ ಗುಂಡು ಹೊಡೆಯೋಕೆ ರೆಡಿ. ಹೊಸದ್ರಲ್ಲಿ ಬೋಲ್ಟ್ (ತೋಟಾನ ಒಳಗೆ ತಳ್ಳಿ ಮುಚ್ಚೋ ಉಕ್ಕಿನ ಅಗುಳಿ) ಬಿಗಿ, ಅದರ ಹಿಡಿನ 90 ಡಿಗ್ರಿ ಎತ್ತಬೇಕು ಹಂಗಾಗಿ ಸ್ಕೋಪ್ (ಗುರಿ ನೋಡೋ ದುರ್ಬೀನು) ತಗ್ಗಿಗೆ ಕೂರಿಸಿದ್ರೆ ಬೆರಳು ತಗಲತ್ತೆ, ತೂಕ ಮೂರು ಕೆಜಿ ಆಸುಪಾಸು, ಸ್ಕೋಪ್ ಕೂರಿಸೋಕೆ ಮೇಲಿರೋ ಡವ್‌ಟೇಲ್ ಗಾಡಿ 11 ಎಂಎಂ ಆಗಿರೋದ್ರಿಂದ ವೀವರ್ ಅನ್ನೋ ಅಗಲದ ಅಳತೆಯ ಸ್ಕೋಪ್ ರಿಂಗ್ ಕೂರೋದೇ ಇಲ್ಲ. ಕೌಂಟರ್ ಹತ್ರ ನಿಂತು ಎರಡು ನಿಮಿಷ ಕೈಲಿ ಹಿಡಿದು ನೋಡೋರಿಗೆ ಇಷ್ಟೇ ಕಾಣೋದು, ವಾಪಸ್ ಇಟ್ಟುಬಿಡ್ತಾರೆ. ನಂಗೂ ಮೊದಮೊದಲು ಅದರ ಮೇಲೆ ಅಂಥ ಪ್ರೀತಿ ಏನೂ ಇರ್ಲಿಲ್ಲ, ಈಗ ಇರೋದ್ರಲ್ಲಿ ಒಂದೇ ಒಂದು ಕೋವಿ ಇಟ್ಕೋ ಅಂದ್ರೆ ಯೋಚ್ನೆ ಮಾಡ್ದೆ ಇದನ್ನೇ ಇಟ್ಕೋತೀನಿ.

ಇದು ಚೆಕ್ ದೇಶದ ಉಹೆರ್ಸ್ಕಿ ಬ್ರೋಡ್ ಅನ್ನೋ ಊರಲ್ಲಿ 1936ರಲ್ಲಿ ಶುರುವಾದ ಕಾರ್ಖಾನೆಯ ರೈಫಲ್, ಪಾಯಿಂಟ್ ಟೂ ಟೂ (.22, ಅಂದ್ರೆ ಸಣ್ಣ ಕ್ಯಾಲಿಬರ್), ಐದು ತೋಟಾದ ಮ್ಯಾಗಜಿನ್. ಈಗ ಇದನ್ನ ಮಾಡೋದು ನಿಲ್ಲಿಸಿದಾರೆ, ಇದರ ನಂತರ ನಳಿಗೆ ಬದಲಾಯಿಸಬಹುದಾದ 455 ಬಂತು, ಅದಾದ್ಮೇಲೆ 457 ಬಂತು. 457ರಲ್ಲಿ ಸೇಫ್ಟಿನ ಎಲ್ಲರಿಗೂ ರೂಢಿ ಇರೋ ದಿಕ್ಕಿಗೆ ತಿರುಗಿಸಿದ್ರು, ಬೋಲ್ಟ್ ಎತ್ತೋದನ್ನ 60 ಡಿಗ್ರಿಗೆ ಇಳಿಸಿದ್ರು. ಅಂದ್ರೆ ನಾನು ಮೇಲೆ ಹೇಳಿದ ದೂರುಗಳಲ್ಲಿ ಎರಡನ್ನ ಕಂಪನಿಯೇ ಒಪ್ಕೊಂಡು ಸರಿ ಮಾಡಿದೆ. ಆದ್ರೂ 452 ಇಟ್ಕೊಂಡೋರು ಅದನ್ನ ಸುಲಭಕ್ಕೆ ಮಾರಲ್ಲ.

ಬೋಲ್ಟ್ ವಿಷಯ ತಗೊಳ್ಳಿ. ಶುರುವಲ್ಲಿ ಅದು ಬಿಗಿ ಇರೋದು ಉಕ್ಕಿನ ಮೇಲೆ ಉಕ್ಕು ಇನ್ನೂ ಹೊಂದಿಕೊಂಡಿಲ್ಲ ಅಂತ, ಕೆಲವು ಸಾವಿರ ಸುತ್ತು ಹೊಡೆದ ಮೇಲೆ ಎರಡೂ ಒಂದನ್ನೊಂದು ಪಾಲಿಶ್ ಮಾಡ್ಕೊಂಡುಬಿಡ್ತವೆ, ಈಗ ಎರಡು ಬೆರಳಲ್ಲಿ ಬೋಲ್ಟ್ ಎಳೆದು ತಳ್ಳಿದ್ರೆ ಎಲ್ಲೂ ತಡೆಯಲ್ಲ, ಹೊಸ ತೋಟಾ ಒಳಗೆ ಹೋಗಿದ್ದು ಬೆರಳಿಗೆ ಗೊತ್ತಾಗತ್ತೆ. ಸಡಿಲ ಅಲ್ಲ, ನಯ. ಸುಲಭ ಆಗ್ಲಿ ಅಂತ ಮೊದಲಿಂದನೇ ಸಡಿಲ ಬಿಟ್ಟು ಮಾಡಿದ ಅಗ್ಗದ ರೈಫಲ್‌ಗಳನ್ನೂ ಹೊಡೆದಿದೀನಿ, ಅವು ಮೊದಲ ದಿನ ಹೆಂಗಿದ್ವೋ ವರ್ಷಗಳಾದ್ಮೇಲೂ ಹಂಗೇ ಅಥವಾ ಇನ್ನಷ್ಟು ಗಲಗಲ.

ಇದರ ನಿಜವಾದ ಬೆಲೆ ಗೊತ್ತಾಗೋಕೆ ತೋಟಾ ಹುಡುಕಾಟ ಮಾಡಬೇಕು. ಇದಕ್ಕೆ ಹಾಕೋ .22 ಎಲ್‌ಆರ್ (ಲಾಂಗ್ ರೈಫಲ್) ತೋಟಾ 1887ರಿಂದ ಇದೆ, ಮಾಮೂಲಿ ಗುಂಡು 40 ಗ್ರೇನ್, ಅಂದ್ರೆ ಎರಡೂವರೆ ಗ್ರಾಂ ಚಿಲ್ಲರೆ. ಸ್ಟ್ಯಾಂಡರ್ಡ್ ವೆಲಾಸಿಟಿ ಅಂದ್ರೆ ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ, ಹೈ ವೆಲಾಸಿಟಿ ಅಂದ್ರೆ 380ರ ಹತ್ರ. ಜೋರಾಗಿ ಹೋಗೋದು ಒಳ್ಳೇದು ಅಂತಲೇ ಎಲ್ಲರೂ ಅಂದ್ಕೊಳ್ಳೋದು, ಆದ್ರೆ ಹೈ ವೆಲಾಸಿಟಿ ಗುಂಡು 100 ಮೀಟರ್ ತಲುಪೋ ಮುಂಚೆನೇ ಮತ್ತೆ ಶಬ್ದದ ವೇಗದ ಕೆಳಕ್ಕೆ ಇಳಿಯತ್ತೆ, ಆ ಗಡಿ ದಾಟೋವಾಗ ಅಲ್ಲಾಡತ್ತೆ, ಗಾಳಿಯ ಎಳೆತ ಜಾಸ್ತಿ ಆಗಿ ವೇಗ ಬೇಗ ಕಳ್ಕೊಳ್ಳೋದ್ರಿಂದ ಅಡ್ಡಗಾಳಿಗೆ ನಿಧಾನದ ಗುಂಡಿಗಿಂತ ಹೆಚ್ಚು ಪಕ್ಕಕ್ಕೆ ಹೋಗತ್ತೆ. ಇದನ್ನ ಓದಿ ನಂಬೋದು ಕಷ್ಟ, ಗಾಳಿ ಇರೋ ದಿನ ಎರಡೂ ತಗೊಂಡು ಹೋಗಿ ಪಕ್ಕಪಕ್ಕದ ಟಾರ್ಗೆಟ್‌ಗೆ ಹೊಡೆದು ನೋಡಿ.

452 ಈ ವ್ಯತ್ಯಾಸಗಳನ್ನೆಲ್ಲ ಮುಚ್ಚಿಡಲ್ಲ, ಅದಕ್ಕೇ ಅದು ಮೇಷ್ಟ್ರು. 50 ಮೀಟರಲ್ಲಿ ಐದೈದು ಗುಂಡಿನ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು) ಹೊಡೀತಾ ಹೋದ್ರೆ ಒಂದು ಬ್ರ್ಯಾಂಡಿಗೆ ಹೆಬ್ಬೆರಳ ಉಗುರಲ್ಲಿ ಮುಚ್ಚಬಹುದಾದ ಗ್ರೂಪ್, ಇನ್ನೊಂದಕ್ಕೆ ಅಂಗೈಯಗಲ. ಇಲ್ಲಿ ಒಂದು ಮಾತು ನೆನಪಿಡಿ, ಬ್ರ್ಯಾಂಡ್ ಬದಲಾಯಿಸಿದ ತಕ್ಷಣ ಮೊದಲ ಕೆಲವು ಗುಂಡುಗಳನ್ನ ಲೆಕ್ಕಕ್ಕೆ ಇಟ್ಕೋಬೇಡಿ, .22 ಗುಂಡಿನ ಹೊರಮೈಗೆ ಮೇಣ ಅಥವಾ ಎಣ್ಣೆ ಸವರಿರ್ತಾರೆ, ಹಳೇ ಬ್ರ್ಯಾಂಡಿನದು ನಳಿಗೆಯಿಂದ ಹೋಗಿ ಹೊಸದು ಕೂರೋವರೆಗೆ ಗ್ರೂಪ್ ಚದುರಿರತ್ತೆ. ತುಂಬಾ ಜನ ಈ ಹಂತದಲ್ಲೇ ರೈಫಲ್ ಸರಿ ಇಲ್ಲ ಅಂತ ತೀರ್ಪು ಕೊಟ್ಟುಬಿಡ್ತಾರೆ. ಒಂದು ಸಲ ಅದಕ್ಕೆ ಒಪ್ಪೋ ತೋಟಾ ಸಿಕ್ತು ಅಂದ್ರೆ ಅದೇ ಲಾಟ್ ನಂಬರಿಂದು (ಕಾರ್ಖಾನೆಲಿ ಒಟ್ಟಿಗೆ ತಯಾರಾದ ಕಂತು) ಸಿಕ್ಕಷ್ಟು ತಗೊಂಡಿಟ್ಕೊಳ್ಳಿ, ಅದೇ ಕಂಪನಿ ಅದೇ ಪೆಟ್ಟಿಗೆ ಆದ್ರೂ ಲಾಟ್ ಬದಲಾದ್ರೆ ಗ್ರೂಪ್ ಬದಲಾಗತ್ತೆ.

ಇನ್ನು ಸ್ಕೋಪ್. ಲಕ್ಸ್ ಮಾಡೆಲ್ಲಿನ ಮರದ ಬಟ್ ಹಂದಿಬೆನ್ನಿನ ಥರ ಬಾಗಿದೆ, ಹಿಂದಕ್ಕೆ ಹೋಗ್ತಾ ಇಳಿಜಾರು. ಅದರ ಮೇಲೆ ಸ್ಕೋಪ್ ಹಾಕಿ ಬಹಳ ದಿನ ಹೊಡೆದೆ, ಕೆನ್ನೆ ಮರಕ್ಕೆ ಕೂರ್ತಾ ಇರ್ಲಿಲ್ಲ, ಕತ್ತು ಎತ್ತಿ ನೋಡಬೇಕು, ಯಾವಾಗ್ಲೂ ಏನೋ ಅರೆಬರೆ. ಆಮೇಲೆ ಸ್ಕೋಪ್ ತೆಗೆದು ಅದರ ಸ್ವಂತ ಕಬ್ಬಿಣದ ಸೈಟ್ ಮೇಲೆ ಹೊಡೆದಾಗ ಎಲ್ಲಾ ತಾನಾಗೇ ಕೂತ್ಕೊಳ್ತು, ಯಾಕಂದ್ರೆ ಆ ಬಟ್ ಮಾಡಿರೋದೇ ತೆರೆದ ಸೈಟಿಗೆ. ಸ್ಕೋಪೇ ಬೇಕು ಅನ್ನೋರಿಗೆ ಅಮೆರಿಕನ್ ಅನ್ನೋ ಬೇರೆ ಮಾಡೆಲ್ ಇತ್ತು, ಅದರಲ್ಲಿ ಕಬ್ಬಿಣದ ಸೈಟೇ ಇಲ್ಲ. ಲಕ್ಸ್ ಹಿಂಬದಿ ಸೈಟಲ್ಲಿ 25ರಿಂದ 200 ಮೀಟರ್‌ವರೆಗೆ ಗುರುತಿದೆ, ಜಾರಿಸಿದ್ರೆ ಸೈಟ್ ಏರತ್ತೆ. ಪಾಯಿಂಟ್ ಟೂ ಟೂಗೆ 200 ಯಾಕೆ ಅಂತ ಕೇಳೋರು ಒಂದ್ಸಲ ಪ್ರಯತ್ನ ಮಾಡಿ ನೋಡ್ಬೇಕು, 50 ಮೀಟರಿಗೆ ಸರಿ ಮಾಡಿದ ಸೈಟಲ್ಲಿ 100ಕ್ಕೆ ಹೊಡೆದ್ರೆ ಗುಂಡು ಹೆಚ್ಚುಕಮ್ಮಿ ಒಂದು ಗೇಣು ಕೆಳಗೆ ಬೀಳತ್ತೆ, ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಗೂ ಲೆಕ್ಕ ಹಾಕಬೇಕು, ಗಾಳಿ ಓದಬೇಕು. ದೊಡ್ಡ ಕ್ಯಾಲಿಬರಿನಲ್ಲಿ ಇದನ್ನೇ ಕಲೀಬೇಕು ಅಂದ್ರೆ ತುಂಬಾ ಉದ್ದನೆ ರೇಂಜ್ ಬೇಕಾಗತ್ತೆ.

ತೂಕಾನೂ ಅಷ್ಟೇ. ನಿಂತ್ಕೊಂಡು ಹೊಡೆಯೋವಾಗ ಮುಂಭಾರ ಇರೋ ಉದ್ದ ನಳಿಗೆ ಹಗುರ ರೈಫಲಿನಷ್ಟು ನಡುಗಲ್ಲ. ಕ್ಲೀನಿಂಗ್ ಬಗ್ಗೆ ಒಂದೇ ವಿಷಯ: ನಳಿಗೆನ ಪ್ರತಿ ಸಲ ಉಜ್ಜಬೇಡಿ, ಆದ್ರೆ ಚೇಂಬರ್ (ತೋಟಾ ಕೂರೋ ನಳಿಗೆಯ ಹಿಂಬದಿ ಗೂಡು) ಮುಂದಿನ ಅಂಚಲ್ಲಿ ಮಸಿ ಗಟ್ಟಿಯಾಗಿ ಉಂಗುರದ ಹಾಗೆ ಕಟ್ಟತ್ತೆ, ಗ್ರೂಪ್ ಕಾರಣ ಇಲ್ದೆ ದೊಡ್ಡದಾಗ್ತಿದ್ರೆ ಮೊದಲು ಅದನ್ನ ನೋಡಿ, ಆಮೇಲೆ ಲೋಹದ ಭಾಗನ ಮರಕ್ಕೆ ಬಿಗಿಯೋ ಆಕ್ಷನ್ ಸ್ಕ್ರೂ ಸಡಿಲ ಆಗಿದ್ಯಾ ನೋಡಿ. ಸೇಫ್ಟಿ ಉಲ್ಟಾ ಇರೋದು ಮಾತ್ರ ನಂಗೆ ಈಗಲೂ ಇಷ್ಟ ಇಲ್ಲ. ಬೇರೆ ರೈಫಲ್ ಬಳಸೋರ ಕೈಗೆ ಇದನ್ನ ಕೊಡೋವಾಗ ಬೋಲ್ಟ್ ತೆರೆದು, ಮ್ಯಾಗಜಿನ್ ತೆಗೆದು, ಬಾಯಿಬಿಟ್ಟು ಹೇಳಿಯೇ ಕೊಡ್ತೀನಿ. ಇಷ್ಟ ಅಂದಮಾತ್ರಕ್ಕೆ ಎಲ್ಲಾನೂ ಹೊಗಳಬೇಕು ಅಂತೇನಿಲ್ಲ.

ಎರಡನೇದು ಸ್ಮಿತ್ ಆಂಡ್ ವೆಸನ್ ಮಾಡೆಲ್ 10, ನಾಲ್ಕಿಂಚು ನಳಿಗೆ, .38 ಸ್ಪೆಷಲ್ ಅನ್ನೋ ತೋಟಾ, ಒಟ್ಟಿಗೆ ಆರು. 1899ರಲ್ಲಿ ಮಿಲಿಟರಿ ಆಂಡ್ ಪೊಲೀಸ್ ಅನ್ನೋ ಹೆಸರಲ್ಲಿ ಶುರುವಾದ ರಿವಾಲ್ವರ್, 1957ರಲ್ಲಿ ನಂಬರ್ ಸಿಕ್ಕಿದ್ದು, ಒಟ್ಟು 60 ಲಕ್ಷ ದಾಟಿ ತಯಾರಾಗಿರೋದು. ಇಷ್ಟೊಂದು ಇರೋದ್ರಿಂದಲೇ ಯಾರಿಗೂ ಇದರ ಬಗ್ಗೆ ಕುತೂಹಲ ಇಲ್ಲ. ಸೈಟ್ ಅಂದ್ರೆ ಮೇಲ್ಪಟ್ಟಿಯಲ್ಲಿ ಕೊರೆದ ಒಂದು ತೋಡು ಅಷ್ಟೇ, ತಿರುಗಿಸೋಕೆ ಸ್ಕ್ರೂ ಇಲ್ಲ. ಹಳೇ ಮರದ ಹಿಡಿ ಸಣ್ಣದು, ಟ್ರಿಗರ್ ಗಾರ್ಡಿನ ಹಿಂಭಾಗ ನಡುಬೆರಳಿನ ಗೆಣ್ಣಿಗೆ ಬಡಿಯತ್ತೆ. ಡಬಲ್ ಆಕ್ಷನ್ (ಟ್ರಿಗರ್ ಒಂದನ್ನೇ ಎಳೆದು ಹೊಡೆಯೋದು) ಎಳೆತ ಉದ್ದ, ಭಾರ.

ಆದ್ರೆ ಆ ಎಳೆತ ಇದೆಯಲ್ಲ, ಅದು ಶುರುವಿಂದ ಕೊನೆವರೆಗೆ ಒಂದೇ ಸಮ. ಕುದುರೆ (ಹಿಂದಿನ ಹ್ಯಾಮರ್) ಮೊದಲೇ ಕೈಯಲ್ಲಿ ಎತ್ತಿ ಸಿಂಗಲ್ ಆಕ್ಷನಲ್ಲೇ ಹೊಡೀತಾ ಇದ್ರೆ ಈ ರಿವಾಲ್ವರ್ ಏನು ಅಂತ ಯಾವತ್ತೂ ಗೊತ್ತಾಗಲ್ಲ. ಡಬಲ್ ಆಕ್ಷನಲ್ಲೇ, ನಿಧಾನಕ್ಕೆ, ಮುಂದಿನ ಸೈಟ್ ಮೇಲೆ ಕಣ್ಣಿಟ್ಟು ಎಳೀತಾ ಹೋಗಿ, ಕೆಲವು ತಿಂಗಳಾದ್ಮೇಲೆ ಬೆರಳು ತಾನಾಗೇ ನೇರ ಹಿಂದಕ್ಕೆ ಬರೋಕೆ ಶುರು ಮಾಡತ್ತೆ, ಅದಾದ್ಮೇಲೆ ಬೇರೆ ಯಾವ ಪಿಸ್ತೂಲ್ ಹಿಡಿದ್ರೂ ಟ್ರಿಗರ್ ಸಲೀಸು ಅನ್ಸತ್ತೆ. ಫಿಕ್ಸೆಡ್ ಸೈಟಿಗೂ ಒಂದು ತರ್ಕ ಇದೆ, ಅದನ್ನ 158 ಗ್ರೇನ್ ಗುಂಡಿಗೆ ಹೊಂದಿಸಿ ಮಾಡಿರೋದು, 110 ಗ್ರೇನಿನ ಹಗುರ ವೇಗದ ಗುಂಡು ಹಾಕಿದ್ರೆ ಕೆಳಗೆ ಬೀಳತ್ತೆ, ಆಗ ರಿವಾಲ್ವರನ್ನ ಬೈದು ಪ್ರಯೋಜನ ಇಲ್ಲ, 158 ಹಾಕಿ. ಗೆಣ್ಣಿಗೆ ಬಡಿಯೋದಕ್ಕೆ ಹಿಡಿ ಮುಂಭಾಗಕ್ಕೆ ಒಂದು ಚಿಕ್ಕ ಗ್ರಿಪ್ ಅಡಾಪ್ಟರ್ ಹಾಕಿದೆ, ನಂತರ ಅದರ ಬಗ್ಗೆ ನಂದು ಯಾವ ತಕರಾರೂ ಇಲ್ಲ.

ಲೀ-ಎನ್‌ಫೀಲ್ಡ್ ನಂಬರ್ 4, ಬ್ರಿಟಿಷ್ ಸೇನೆಯ ಹಳೇ ರೈಫಲ್, ನಂದಲ್ಲ, ಗೆಳೆಯರದು, ಆದ್ರೆ ಬಹಳ ವರ್ಷದಿಂದ ಹೊಡೀತಾ ಬಂದಿದೀನಿ. ಜರ್ಮನಿಯ ಮೌಸರ್ 98 ಮಾದರಿಯ ಬೋಲ್ಟ್ ಅಭ್ಯಾಸ ಇರೋರಿಗೆ ಇದು ಮೊದಲು ವಿಚಿತ್ರ, ಯಾಕಂದ್ರೆ ಮೌಸರಲ್ಲಿ ಬೋಲ್ಟ್ ಎತ್ತುವಾಗ ಸ್ಪ್ರಿಂಗ್ ಬಿಗಿಯಾಗತ್ತೆ, ಎನ್‌ಫೀಲ್ಡಲ್ಲಿ ಮುಂದಕ್ಕೆ ತಳ್ಳಿ ಮುಚ್ಚೋವಾಗ ಬಿಗಿಯಾಗತ್ತೆ. ಮೆಲ್ಲಗೆ ಮಾಡಿದ್ರೆ ಕೊನೇ ಇಂಚಲ್ಲಿ ತಡೆದಂಗೆ ಆಗಿ ಕಿರಿಕಿರಿ. ಜೋರಾಗಿ ಮಾಡಿ ನೋಡಿ. ಬಿಸಿಯಾಗಿ ಅಂಟಿಕೊಂಡ ಖಾಲಿ ಕೇಸ್ ಎಳೆಯೋ ಹೊತ್ತಲ್ಲಿ ಕೈಗೆ ಸ್ಪ್ರಿಂಗಿನ ಭಾರ ಸೇರಲ್ಲ, ಮುಂದಕ್ಕೆ ತಳ್ಳೋವಾಗ ಇಡೀ ತೋಳಿನ ಬಲ ಇರತ್ತೆ, ಅಲ್ಲೇ ಸ್ಪ್ರಿಂಗ್ ಬಿಗಿಯಾಗಿಬಿಡತ್ತೆ. ಬೋಲ್ಟ್ ಎತ್ತೋದು ಕಡಿಮೆ, ಎಳೆಯೋ ದೂರ ಕಡಿಮೆ, ಹತ್ತು ತೋಟಾ, ಕೆನ್ನೆ ಮರದಿಂದ ಎತ್ತದೇನೇ ಮುಂದಿನ ಗುಂಡು ರೆಡಿ. ಅವಸರದಲ್ಲಿರೋ ಸೈನಿಕನ ಕೈ ಹೆಂಗೆ ಓಡತ್ತೆ ಅಂತ ಯಾರೋ ಕೂತು ಯೋಚ್ನೆ ಮಾಡಿ ಮಾಡಿರೋದು ಇದು, ಅದು ಗೊತ್ತಾದ್ಮೇಲೆ ನಂಗೆ ಈ ರೈಫಲ್ ಮೇಲೆ ಗೌರವ ಬಂತು.

ಮಾಸ್‌ಬರ್ಗ್ 500 ಪಂಪ್ ಕೋವಿ (ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸೋ ಶಾಟ್‌ಗನ್) ಬಗ್ಗೆ ಚಿಕ್ಕದಾಗಿ. ಅಲ್ಲಾಡಿಸಿದ್ರೆ ಮುಂದಿನ ಹಿಡಿ ಕಟಕಟ ಅನ್ನತ್ತೆ, ರಿಸೀವರ್ (ಯಂತ್ರಭಾಗ ಇರೋ ನಡುವಿನ ಪೆಟ್ಟಿಗೆ) ಅಲ್ಯೂಮಿನಿಯಂ, ಉಕ್ಕಿನ ರೆಮಿಂಗ್ಟನ್ 870 ಪಕ್ಕ ಇಟ್ರೆ ಬಡಪಾಯಿ ಥರ ಕಾಣತ್ತೆ. ಆ ಕಟಕಟದಿಂದ ಕೆಲಸಕ್ಕೆ ಯಾವತ್ತೂ ಅಡ್ಡಿ ಆಗಿಲ್ಲ, ಸೇಫ್ಟಿ ಮೇಲ್ಗಡೆ ಹೆಬ್ಬೆರಳಿಗೆ ಸಿಗೋ ಜಾಗದಲ್ಲಿದೆ, ಎಡಗೈಯವರಿಗೂ ಬಲಗೈಯವರಿಗೂ ಒಂದೇ, ದಿನವಿಡೀ ಹೊತ್ಕೊಂಡು ಓಡಾಡಿದ ಮೇಲೆ ಅಲ್ಯೂಮಿನಿಯಂ ಯಾಕೆ ಅಂತ ಭುಜಕ್ಕೇ ಅರ್ಥ ಆಗತ್ತೆ. ರೂಗರ್ .22 ಪಿಸ್ತೂಲ್, ಹಳೇ ಮಾರ್ಕ್ ಸರಣಿದು, ಬಿಚ್ಚಿದ್ರೆ ಜೋಡಿಸೋಕೆ ತಾಳ್ಮೆ ಬೇಕು, ಇದನ್ನ ಅವರು ಸುಲಭ ಮಾಡಿದ್ದು 2016ರಲ್ಲಿ ಮಾರ್ಕ್ 4 ಬಂದಾಗ. ಆದ್ರೆ ಮೊದಲ ಮಾಡೆಲ್ 1949ರದು, ಆಗಿಂದ ಜನ ಅಷ್ಟು ಕಷ್ಟ ಸಹಿಸ್ಕೊಂಡೂ ಬಿಟ್ಟಿಲ್ಲ ಅಂದ್ರೆ ಅದು ಹೆಂಗೆ ಹೊಡೆಯತ್ತೆ ಅಂತ ನೀವೇ ಊಹಿಸಿ.

ಉಲ್ಟಾ ಆದವೂ ಇವೆ. ಅಂಗೈಯಲ್ಲಿ ಅಡಗೋ ಅತಿ ಹಗುರದ .357 ಮ್ಯಾಗ್ನಮ್ ರಿವಾಲ್ವರ್ ಒಂದಿತ್ತು, ಕೌಂಟರ್ ಮೇಲೆ ಅದರಷ್ಟು ಚೆಂದ ಇನ್ನೊಂದಿಲ್ಲ, ಪೂರ್ತಿ ಮ್ಯಾಗ್ನಮ್ ತೋಟಾ ಹಾಕಿದ್ರೆ ಕೆಲವೇ ಸುತ್ತಿಗೆ ಅಂಗೈ ಉರಿ, ಕೈ ನೋವಿಗೆ ಹೆದರಿ ಟ್ರಿಗರ್ ಕೀಳೋಕೆ ಶುರು ಮಾಡತ್ತೆ, ಆ ದುರಭ್ಯಾಸ ಬೇರೆ ಪಿಸ್ತೂಲಿಗೂ ಅಂಟ್ಕೊಳ್ಳತ್ತೆ. ಅಭ್ಯಾಸ ಮಾಡೋಕೆ ಮನಸ್ಸೇ ಬರ್ದಿದ್ರೆ ಅದು ಎಷ್ಟು ಹಗುರ ಇದ್ರೇನು. ದೂರದ ಬೆಟ್ಟ ನುಣ್ಣಗೆ ಅನ್ನೋ ಹಾಗೆ, ಮೊದಲ ದಿನ ಮೆಚ್ಚಿಸೋಕೆ ಅಂತ ಮಾಡಿದ ಗುಣಗಳು ಬೇರೆ, ಹತ್ತು ಸಾವಿರ ಸುತ್ತಿನ ನಂತರವೂ ಕೈಗೆ ಬೇಕು ಅನ್ಸೋ ಗುಣಗಳು ಬೇರೆ, ನಾನು ನೋಡಿದ ಮಟ್ಟಿಗೆ ಇವೆರಡು ಒಂದೇ ಕೋವಿಲಿ ಸಿಗೋದು ಅಪರೂಪ.

452 ಆಗ್ಲಿ ಹಳೇ ಮಾಡೆಲ್ 10 ಆಗ್ಲಿ ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ ಸಿಗೋದು, ನೋಡೋಕೆ ಹೋದ್ರೆ ಇಷ್ಟು ಗಮನಿಸಿ. ರೈಫಲಲ್ಲಿ ಬೋಲ್ಟ್ ತೆಗೆದು ಚೇಂಬರ್ ಬಾಯಿ ನೋಡಿ, ತೋಟಾದ ರಿಮ್ (ಹಿಂಬದಿ ಅಂಚು) ಕೂರೋ ಜಾಗದಲ್ಲಿ ಗುಳಿ ಬಿದ್ದಿದ್ರೆ ಯಾರೋ ಖಾಲಿ ಹೊಡೆದೂ ಹೊಡೆದೂ ಪಿನ್ ಬಡಿದಿದೆ ಅಂತ ಅರ್ಥ. ನಳಿಗೆಯ ತುದಿ ನೋಡಿ, ಮುಂದಿಂದ ರಾಡ್ ಹಾಕಿ ಉಜ್ಜಿದ್ರೆ ಅಲ್ಲಿ ಒಂದು ಪಕ್ಕ ಸವೆದಿರತ್ತೆ. ಮರ ಬಿರುಕು ಬಿಟ್ಟಿದ್ಯಾ ನೋಡಿ, ಮ್ಯಾಗಜಿನ್ ಜೊತೆಗಿದ್ಯಾ ಕೇಳಿ. ರಿವಾಲ್ವರಲ್ಲಿ ಮೊದಲು ಆರೂ ಕೋಣೆ ಖಾಲಿ ಅಂತ ಕಣ್ಣಾರೆ ನೋಡ್ಕೊಳ್ಳಿ, ಆಮೇಲೆ ಕುದುರೆನ ತುಂಬಾ ನಿಧಾನಕ್ಕೆ ಎತ್ತಿ, ಅದು ಪೂರ್ತಿ ಹಿಂದಕ್ಕೆ ಬಂದು ನಿಲ್ಲೋ ಮುಂಚೆ ಸಿಲಿಂಡರ್ (ತೋಟಾ ತುಂಬೋ ತಿರುಗುವ ಉರುಳೆ) ಲಾಕ್ ಆಗಿರಬೇಕು, ಒಂದಕ್ಕಲ್ಲ ಆರಕ್ಕೂ ಪರೀಕ್ಷೆ ಮಾಡಿ. ಎತ್ತಿ ನಿಲ್ಲಿಸಿದ ಕುದುರೆನ ಹೆಬ್ಬೆರಳಲ್ಲಿ ಮುಂದಕ್ಕೆ ಒತ್ತಿದ್ರೆ ಜಾರಬಾರದು. ಸಿಲಿಂಡರ್ ಹಿಂದೆ ಮುಂದೆ ಆಡ್ತಾ ಇದ್ರೆ ರಿಪೇರಿ ಖರ್ಚು ಲೆಕ್ಕ ಹಾಕ್ಕೊಳ್ಳಿ. ನಳಿಗೆ ತುದಿಲಿ ಹೋಲ್ಸ್ಟರ್ ಉಜ್ಜಿ ಬಣ್ಣ ಹೋಗಿದ್ರೆ ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಬೆಲೆ ಇಳಿಸಿ ಕೇಳಿ, ತಗೊಂಡು ಬನ್ನಿ.